ಐನೂರೈವತ್ತು ಆನೆಗಳ ಹಿಂದೆ: ‘ಕರಿಸಿರಿಯಾನ’ವನ್ನು ಓದಿದ ಇತಿಹಾಸದ ಅಧ್ಯಾಪಕನೊಬ್ಬನ ವಿಚಾರ

ವಿಶ್ವವಿದ್ಯಾನಿಲಯದ ಸಂಶೋಧನ ಪತ್ರಿಕೆಯಲ್ಲಿ ಪತ್ತೇದಾರಿ ಜಾತಿಗೆ ಸೇರಿದ ಕಾದಂಬರಿಯೊಂದನ್ನು ವಿಚಾರಕ್ಕೆ ಎತ್ತಿಕೊಳ್ಳುವುದು ಅಷ್ಟಾಗಿ ರೂಢಿಯಲ್ಲಿಲ್ಲ. ಇಂಥ ಪುಸ್ತಕಗಳನ್ನು ಓದುವವರು ನಮ್ಮ ಅಧ್ಯಾಪಕ ವರ್ಗದಲ್ಲಿ ಕಡಮೆಯೇನೂ ಇಲ್ಲ. ಆದರೆ ಓದಿದೆನೆಂದು ಒಪ್ಪಿಕೊಳ್ಳುವವರು ಕಡಮೆ. ರೈಲಿನಲ್ಲಿ ಓದಿ ಮನೆಗೆ ಬಂದಮೇಲೆ ಕಪಾಟಿನ ಹಿಂದಿನ ಸಾಲಿಗೆ ತಳ್ಳಿಬಿಡುವುದು ಇವುಗಳ ಹಣೆಬರಹ. ಹೀಗಿರುವಲ್ಲಿ ನಾನು ಡಾ. ಕೆ. ಎನ್. ಗಣೇಶಯ್ಯನವರ ‘ಕರಿಸಿರಿಯಾನ’ವನ್ನು ಕುರಿತು ಬರೆಯಲು ಹೊರಟಿರುವುದಕ್ಕೆ ಕಾರಣವೊಂದಿದೆ. ಈ ಕಾದಂಬರಿ ನಮ್ಮ ಕಸುಬಿನ ಸಾಮಗ್ರಿಯನ್ನೇ ತನ್ನ ಸಾಮಗ್ರಿಯನ್ನಾಗಿ ಮಾಡಿಕೊಂಡಿದೆ. ಶಾಸನ, ಶಿಲ್ಪ, ಪ್ರವಾಸಿಗರ ಬರಹ, ಸ್ಥಳಪುರಾಣ, ಇವೇ ಇದರಲ್ಲಿ ಕಥೆಯನ್ನು ಓಡಿಸುವ ಕುದುರೆಗಳು. ಆದುದರಿಂದ ಇದರ ಬಗ್ಗೆ ಸಾಹಿತ್ಯ ವಿಮರ್ಶಕರು ಏನೇ ಹೇಳಲಿ, ಇತಿಹಾಸದ ಅಧ್ಯಾಪಕನು ಸುಮ್ಮನಿರುವಂತಿಲ್ಲ.

ಕನ್ನಡದಲ್ಲಿ ಈ ಜಾತಿಯ ಕಥೆಗೆ ವಯಸ್ಸಾಗಿದೆ. ಎನ್. ನರಸಿಂಹಯ್ಯನವರು 1950ರ ದಶಕದಿಂದ ಬರೆದ ನೂರಾರು ಕಾದಂಬರಿಗಳಲ್ಲಿ ಪತ್ತೇದಾರ ಪುರುಷೋತ್ತಮನು ಒಂದು ತಲೆಮಾರಿನ ಕನ್ನಡಿಗರಿಗೆ ಓದುವ ಚಟವನ್ನು ಹಿಡಿಸಿದನು. ಶಾಲೆಯ ಪಾಠಪುಸ್ತಕದಾಚೆಗೆ ಒಂದು ಪುಸ್ತಕವನ್ನು ಕೊನೆಯವರೆಗೆ ಓದಿದ ಮೊದಲ ಅನುಭವವನ್ನು ಅನೇಕ ಹಿರಿಯರು ಈ ಕಾದಂಬರಿಗಳಿಂದಲೇ ಪಡೆದರೆಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಸಾಕಷ್ಟು ಗಮನಿಸಿಲ್ಲ. ಆ ಕಥೆಗಳಲ್ಲಿ ರಹಸ್ಯವೆಂದರೆ ನಿನ್ನೆ ನಡೆದ ಕೊಲೆ, ಮೊನ್ನೆ ಕಾಣೆಯಾದ ಹಾರ. ಪೂರ್ಣಚಂದ್ರ ತೇಜಸ್ವಿಯವರು 1994ರಲ್ಲಿ ‘ಜುಗಾರಿ ಕ್ರಾಸ್’ ಬರೆದಾಗ ಓಟದ ಕಥೆಯೊಳಕ್ಕೆ ಹಳಗನ್ನಡದ ಪದ್ಯವೊಂದನ್ನು ತಂದು, ಮಲೆನಾಡಿನ ಕಾಡಿಗೂ ಹಳೆಯ ಓಲೆಗರಿಗೂ ಗಂಟುಹಾಕಿದರು. ಗಣೇಶಯ್ಯನವರು ಈ ದಾರಿಯನ್ನು ಹೆದ್ದಾರಿಯನ್ನಾಗಿ ಮಾಡಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಈ ವಿಜ್ಞಾನಿಗಳು ಇತಿಹಾಸದ ಒಂದೊಂದು ಬಿಡಿಸದ ಗಂಟನ್ನು ಹಿಡಿದು ಒಂದೊಂದು ಕಾದಂಬರಿಯನ್ನು ಕಟ್ಟಿದ್ದಾರೆ. ಪುಟದ ಕೆಳಗೆ ಟಿಪ್ಪಣಿ, ಕೊನೆಯಲ್ಲಿ ಆಧಾರಗ್ರಂಥಗಳು, ನಡುನಡುವೆ ಚಿತ್ರಗಳು, ಇವು ಅವರ ಕಥೆಗಳ ಲಕ್ಷಣವೆಂದು ಓದುಗರು ಗುರುತಿಸುವ ಮಟ್ಟಿಗೆ ಬಂದಿದೆ.

‘ಕರಿಸಿರಿಯಾನ’ದ ಹೆಸರನ್ನು ಬಿಡಿಸಿದರೆ ವಸ್ತು ತಾನೇ ಹೊರಬರುತ್ತದೆ. ಕರಿ, ಸಿರಿ, ಯಾನ: ಆನೆಗಳ ಮೇಲೆ ಐಶ್ವರ್ಯದ ಪ್ರಯಾಣ. 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಿಯ ಯುದ್ಧದಲ್ಲಿ ರಾಮರಾಯನು ಹತನಾದಮೇಲೆ ಅವನ ತಮ್ಮ ತಿರುಮಲನು ವಿಜಯನಗರಕ್ಕೆ ಧಾವಿಸಿ, ಅರಮನೆಯ ಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು, ಹೆಸರಿಗೆ ಮಾತ್ರ ಅರಸನಾಗಿದ್ದ ಸದಾಶಿವನನ್ನೂ ಜತೆಗೆ ಕರೆದುಕೊಂಡು ಪೆನುಗೊಂಡೆಯ ಕಡೆಗೆ ಹೊರಟನೆಂಬುದು ನಾವೆಲ್ಲ ಕೇಳಿರುವ ವೃತ್ತಾಂತ. ಆ ಸಂಪತ್ತು ಏನಾಯಿತು ಎಂಬುದೇ ಕಾದಂಬರಿಯ ಪ್ರಶ್ನೆ. ಅದನ್ನು ಬೆನ್ನುಹತ್ತಿ ಓಡುವವರು ನಮ್ಮ ಕಾಲದವರು. ಕಥೆಯ ಕೊನೆಯನ್ನು ನಾನು ಇಲ್ಲಿ ಬಯಲುಮಾಡುವುದಿಲ್ಲ. ಇನ್ನೂ ಓದದಿರುವ ವಾಚಕರ ಸುಖವನ್ನು ವಿಮರ್ಶಕನು ಕಸಿದುಕೊಳ್ಳಬಾರದೆಂಬುದು ಈ ಜಾತಿಯ ಕೃತಿಗಳ ವಿಷಯದಲ್ಲಿ ಒಳ್ಳೆಯ ಸಂಪ್ರದಾಯ.

ನಾನು ಅದನ್ನು ಓದಿದ್ದು ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿ, ನನ್ನ ವಾಸದ ಮನೆಯಲ್ಲಿ, ಒಂದೇ ರಾತ್ರಿ. ಹೆದ್ದಾರಿಯ ಮೇಲೆ ಹಿರಿಯೂರಿನ ಕಡೆಗೆ ಹೋಗುವ ಲಾರಿಗಳ ಸದ್ದು ಬೆಳಗಿನ ಜಾವದವರೆಗೂ ಕೇಳಿಸುತ್ತಿತ್ತು. ಆ ಸದ್ದು ಎಷ್ಟು ಹೊತ್ತಿಗೆ ಕಡಮೆಯಾಯಿತೆಂಬುದು ನನಗೆ ತಿಳಿಯಲಿಲ್ಲವೆಂದಮೇಲೆ ಕಾದಂಬರಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅಧ್ಯಾಯಗಳು ಚಿಕ್ಕವು. ಪ್ರತಿಯೊಂದರ ಕೊನೆಯಲ್ಲೂ ಒಂದು ಬಾಗಿಲು ಅರ್ಧ ತೆರೆದಿರುತ್ತದೆ. ಒಳಗೆ ಇಣುಕದೆ ಪುಸ್ತಕವನ್ನು ಮುಚ್ಚುವುದು ಸಾಧ್ಯವಾಗುವುದಿಲ್ಲ. ಎಂ.ಎ. ತರಗತಿಯಲ್ಲಿ ವಿಜಯನಗರದ ಪತನವನ್ನು ಕಾರಣಗಳು, ಪರಿಣಾಮಗಳು ಎಂದು ಎರಡು ಕಂಬಗಳಲ್ಲಿ ಬರೆದುಕೊಂಡು ಉರುಹೊಡೆದವನು ನಾನು. ಅದೇ ಪತನವು ಈ ಪುಸ್ತಕದಲ್ಲಿ ಧೂಳೆಬ್ಬಿಸಿಕೊಂಡು ಹೋಗುವುದನ್ನು ಕಂಡಾಗ ಸಂತೋಷವೂ ಸ್ವಲ್ಪ ನಾಚಿಕೆಯೂ ಒಟ್ಟಿಗೆ ಆದುವು.

ಸಂತೋಷದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಪದವಿ ತರಗತಿಗಳಲ್ಲಿ ಆಕರ ಎಂಬ ಶಬ್ದವನ್ನು ವಿದ್ಯಾರ್ಥಿಗಳು ಪರೀಕ್ಷೆಯ ಒಂದು ಪ್ರಶ್ನೆಯೆಂದು ಬಲ್ಲರೇ ಹೊರತು ಕೈಯಲ್ಲಿ ಹಿಡಿಯುವ ವಸ್ತುವೆಂದು ಬಲ್ಲವರಲ್ಲ. ಶಾಸನಗಳು, ನಾಣ್ಯಗಳು, ವಿದೇಶೀ ಪ್ರವಾಸಿಗರ ಬರಹಗಳು ಎಂದು ಪಟ್ಟಿಮಾಡಿ ಹತ್ತು ಅಂಕ ಗಳಿಸುವುದರೊಂದಿಗೆ ಅವುಗಳ ಋಣ ತೀರಿತು. ಈ ಕಾದಂಬರಿಯಲ್ಲಾದರೋ ಒಂದು ಹಳೆಯ ಬರಹವನ್ನು ಓದಿದ ಮನುಷ್ಯನ ಬದುಕು ಅದರಿಂದ ಬದಲಾಗುತ್ತದೆ. ಬರಹವೊಂದು ಸುಳ್ಳು ಹೇಳಬಹುದು, ಏನನ್ನೋ ಮುಚ್ಚಿಡಬಹುದು, ಎರಡು ಬರಹಗಳನ್ನು ಎದುರೆದುರು ಇಟ್ಟಾಗ ಮೂರನೆಯ ಸಂಗತಿ ಹೊರಬೀಳಬಹುದು ಎಂಬ ತಿಳಿವಳಿಕೆ ಓದುಗನಿಗೆ ಅನಾಯಾಸವಾಗಿ ಸಿಕ್ಕುತ್ತದೆ. ನಾನು ಒಂದು ವರ್ಷ ತರಗತಿಯಲ್ಲಿ ಗಂಟಲು ಒಣಗಿಸಿಕೊಂಡು ಹೇಳಿದ್ದನ್ನು ಗಣೇಶಯ್ಯನವರು ಒಂದು ರಾತ್ರಿಯಲ್ಲಿ ಹೇಳುತ್ತಾರೆ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಆಕ್ಷೇಪಗಳನ್ನು ಎತ್ತುವುದು ಅಪ್ರಾಮಾಣಿಕತೆಯಾದೀತು.

ಪುಸ್ತಕವನ್ನು ಓದಿದ ಕೆಲವು ದಿನಗಳ ಮೇಲೆ ತರಗತಿಯಲ್ಲಿ ಅರವೀಡು ಮನೆತನದ ಪಾಠ ಬಂದಿತು. ಎರಡನೆಯ ಸಾಲಿನ ಹುಡುಗನೊಬ್ಬನು ಎದ್ದುನಿಂತು, “ಸಾರ್, ಆ ಆನೆಗಳು ಎಷ್ಟಿದ್ದುವು? ಎಲ್ಲಿಗೆ ಹೋದುವು?” ಎಂದು ಕೇಳಿದನು. ಅವನೂ ಅದೇ ಕಾದಂಬರಿಯನ್ನು ಓದಿದ್ದನು. ನನ್ನ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಪಾಠಪುಸ್ತಕದಲ್ಲಿಲ್ಲದ ಪ್ರಶ್ನೆಯನ್ನು ತಾನಾಗಿಯೇ ಕೇಳಿದ್ದು ಆ ವರ್ಷದಲ್ಲಿ ಅದೇ ಮೊದಲು. ಆ ಕ್ಷಣದಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. “ನೋಡಿ ಹೇಳುತ್ತೇನೆ, ಕೂತುಕೋ” ಎಂದು ತಪ್ಪಿಸಿಕೊಂಡೆನು. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಆನೆಗಳ ಸಂಖ್ಯೆಯನ್ನು ನಾವು ಹೆಚ್ಚಾಗಿ ಪಡೆಯುವುದು ರಾಬರ್ಟ್ ಸೀವೆಲ್ ಅವರ 1900ರ ‘ಎ ಫರ್ಗಾಟನ್ ಎಂಪೈರ್’ ಗ್ರಂಥದಿಂದ. ಚಿನ್ನ, ವಜ್ರ, ರತ್ನಗಳನ್ನು ಹೊತ್ತ 550 ಆನೆಗಳು, ಅವುಗಳೊಂದಿಗೆ ರಾಜಚಿಹ್ನೆಗಳು ಮತ್ತು ರತ್ನಖಚಿತ ಸಿಂಹಾಸನ, ಒಟ್ಟು ಬೆಲೆ ಹತ್ತು ಕೋಟಿ ಪೌಂಡಿಗೂ ಮಿಗಿಲು ಎಂದು ಸೀವೆಲ್ ಬರೆದರು. ಅವರು ಈ ಕಾಲದ ವಿಷಯಕ್ಕೆ ಬಹುಮಟ್ಟಿಗೆ ನೆಚ್ಚಿದ್ದು ಪೋರ್ಚುಗೀಸ್ ಬರಹಗಾರರನ್ನು, ವಿಶೇಷವಾಗಿ ಗೋವೆಯಲ್ಲಿದ್ದು ಪೋರ್ಚುಗೀಸರ ಚರಿತ್ರೆಯನ್ನು ಬರೆದ ಡಿಯೊಗೊ ದೊ ಕೌಟೊನನ್ನು. ಕೌಟೊ ಆ ಮೆರವಣಿಗೆಯನ್ನು ಕಣ್ಣಾರೆ ಕಂಡವನಲ್ಲ. ವಿಜಯನಗರದ ಐಶ್ವರ್ಯದ ಸುದ್ದಿ ಗೋವೆಯ ಪೇಟೆಗಳಲ್ಲಿ ಕೈಯಿಂದ ಕೈಗೆ ದಾಟುವಾಗ ಎಷ್ಟು ಬೆಳೆದಿತೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಇಲ್ಲಿ ಒಂದು ಲೆಕ್ಕವನ್ನು ಮಾಡಿನೋಡಿದರೆ ತಪ್ಪಿಲ್ಲ. ಹತ್ತು ಕೋಟಿ ಪೌಂಡನ್ನು 550 ಆನೆಗಳಿಗೆ ಹಂಚಿದರೆ ಒಂದೊಂದು ಆನೆಯ ಪಾಲಿಗೆ ಸುಮಾರು 1,81,800 ಪೌಂಡು ಬರುತ್ತದೆ. ಸೀವೆಲ್ ಬರೆಯುತ್ತಿದ್ದ ಕಾಲದಲ್ಲಿ ಪೌಂಡೆಂದರೆ ಸವರನ್. ಅದರ ತೂಕ ಸುಮಾರು 8 ಗ್ರಾಮ್. ಸಂಪತ್ತೆಲ್ಲವೂ ಚಿನ್ನವೇ ಆಗಿದ್ದರೆ ಆನೆಯೊಂದು 1,450 ಕಿಲೋಗ್ರಾಮ್ ಹೊರಬೇಕಾಗುತ್ತಿತ್ತು. ದೂರ ಪ್ರಯಾಣದಲ್ಲಿ ಆನೆಯೊಂದು ಸುಖವಾಗಿ ಹೊರಬಲ್ಲ ಹೊರೆ ಐದಾರು ನೂರು ಕಿಲೋಗ್ರಾಮಿಗಿಂತ ಬಹಳ ಹೆಚ್ಚಲ್ಲ. ವಜ್ರಗಳು ತೂಕದಲ್ಲಿ ಹಗುರ, ಬೆಲೆಯಲ್ಲಿ ಭಾರ. ಆದಕಾರಣ ಸೀವೆಲ್ ಅವರ ಮಾತು ಅಸಾಧ್ಯವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಸಂಖ್ಯೆಯನ್ನು ಓದಿದೊಡನೆ ನಂಬುವುದಕ್ಕೂ ತೂಗಿ ನೋಡುವುದಕ್ಕೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ಮತ್ತೊಂದು ಲೆಕ್ಕ ಮೇವು ನೀರಿನದು. ಬೆಳೆದ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋಗ್ರಾಮ್ ಹಸುರು ಮೇವೂ ನೂರು ಲೀಟರಿಗೆ ಕಡಮೆಯಿಲ್ಲದ ನೀರೂ ಬೇಕು. 550 ಆನೆಗಳಿಗೆ 82 ಟನ್ ಮೇವು, 55,000 ಲೀಟರು ನೀರು, ಅದೂ ಪ್ರತಿದಿನ. ಹಂಪೆಯಿಂದ ಪೆನುಗೊಂಡೆಗೆ ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಹೊರೆ ಹೊತ್ತ ಆನೆಗಳು ದಿನಕ್ಕೆ ಇಪ್ಪತ್ತೈದು ಕಿಲೋಮೀಟರು ನಡೆದರೂ ಎಂಟು ಒಂಬತ್ತು ದಿನಗಳು ಬೇಕು. ಆ ಸೀಮೆ ಎಂಥದೆಂಬುದು ನಮ್ಮ ಪಾವಗಡ, ಶಿರಾ, ಮಧುಗಿರಿಗಳವರಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಒಣಭೂಮಿಯ ಮುಂದುವರಿಕೆ ನಮ್ಮದು. ಯಾವ ಕೆರೆಯ ಅಂಗಳದಲ್ಲಿ ಅವು ಇಳಿದುವು? ಯಾವ ಊರಿನ ರೈತರ ಜೋಳದ ದಂಟು ಆ ರಾತ್ರಿ ಖಾಲಿಯಾಯಿತು? ಸೋತ ಸೈನ್ಯದ ಹಿಂದೆ ಗೆದ್ದವರ ಕುದುರೆಗಳು ಬರುತ್ತಿರುವಾಗ ಇಷ್ಟು ದೊಡ್ಡ ಹಿಂಡು ಗುಟ್ಟಾಗಿ ಹೋಗುವುದು ಹೇಗೆ? ನನಗೆ ಈ ಪ್ರಶ್ನೆಗಳು ನಿಧಿಯ ಪ್ರಶ್ನೆಗಿಂತಲೂ ರುಚಿಯಾಗಿ ಕಾಣುತ್ತವೆ. ಓಟದ ಕಥೆಗೆ ಇಲ್ಲಿ ನಿಂತು ಆನೆಗಳಿಗೆ ನೀರು ಕುಡಿಸುವಷ್ಟು ಬಿಡುವಿರುವುದಿಲ್ಲ.

ಇನ್ನು ಮುಖ್ಯವಾದ ಸಾಕ್ಷಿ. ಯುದ್ಧವಾದ ಎರಡು ವರ್ಷಗಳ ಮೇಲೆ, 1567ರಲ್ಲಿ, ವೆನಿಸಿನ ವರ್ತಕ ಸೀಸರ್ ಫ್ರೆಡರಿಕ್ ವಿಜಯನಗರಕ್ಕೆ ಬಂದು ಏಳು ತಿಂಗಳು ಅಲ್ಲಿದ್ದನು. ತಿರುಮಲನು ಮತ್ತೆ ಆ ನಗರದಲ್ಲಿ ಜನವಸತಿಯನ್ನು ಬೆಳೆಸಲು ಪ್ರಯತ್ನಪಟ್ಟದ್ದನ್ನು ಅವನು ಬಣ್ಣಿಸುತ್ತಾನೆ. ಯುದ್ಧದಲ್ಲಿ ಕಳೆದುಹೋದ ತನ್ನ ಗುರುತಿನ ಕುದುರೆಗಳನ್ನು ಯಾರಾದರೂ ತಂದರೆ ಬೆಲೆ ಕೊಡುತ್ತೇನೆಂದು ತಿರುಮಲನು ಸಾರಿಸಿದನು. ವರ್ತಕರು ನಂಬಿ ತಂದರು. ಬೇಕಾದಷ್ಟು ಕುದುರೆಗಳು ಬಂದು ಸೇರಿದಮೇಲೆ ಅವರಿಗೆ ಏನನ್ನೂ ಕೊಡದೆ ಕಳುಹಿಸಿಬಿಟ್ಟನು. ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಒಂದು ಸಂದೇಹ ಬರುತ್ತದೆ. ಹತ್ತು ಕೋಟಿ ಪೌಂಡಿನ ಭಂಡಾರದ ಒಡೆಯನು ಕುದುರೆಯ ವ್ಯಾಪಾರಿಗಳಿಗೆ ಕೈಯೆತ್ತಿದನೆ? ಜಿಪುಣತನವಿರಬಹುದು, ಮೋಸವಿರಬಹುದು, ಭಂಡಾರವು ಕೈಗೆ ಸಿಕ್ಕದ ದೂರದಲ್ಲಿದ್ದಿರಬಹುದು. ಅಥವಾ ಆನೆಗಳ ಮೇಲಿದ್ದುದು ಗೋವೆಯ ಪೇಟೆ ಎಣಿಸಿದಷ್ಟು ಇರಲಿಲ್ಲವೆಂದೂ ಇರಬಹುದು. ಇದ್ದಷ್ಟು ದ್ರವ್ಯವಾದರೂ ಮುಂದೆ ಪೆನುಗೊಂಡೆಯನ್ನು ಬಿಜಾಪುರದ ದಂಡುಗಳಿಂದ ಕಾಪಾಡಿಕೊಳ್ಳಲು, ದಂಡನಾಯಕರ ನಿಷ್ಠೆಯನ್ನು ಕೊಂಡುಕೊಳ್ಳಲು, ಸೈನಿಕರ ಸಂಬಳಕ್ಕೆ ಕರಗಿಹೋಗಿರುವುದು ಸಹಜ. ರಾಜ್ಯಗಳ ಭಂಡಾರಗಳು ಸಾಮಾನ್ಯವಾಗಿ ಬಚ್ಚಿಟ್ಟುಕೊಳ್ಳುವುದಿಲ್ಲ, ಖರ್ಚಾಗುತ್ತವೆ. ಖರ್ಚಾದ ನಿಧಿಯ ಬಗ್ಗೆ ರೋಚಕ ಕಾದಂಬರಿ ಬರೆಯುವುದು ಯಾರಿಗೂ ಸಾಧ್ಯವಿಲ್ಲವೆಂಬುದು ಬೇರೆ ಮಾತು.

ಇತಿಹಾಸಕಾರನನ್ನು ಪತ್ತೇದಾರನಿಗೆ ಹೋಲಿಸುವುದು ಹೊಸದಲ್ಲ. ಆರ್. ಜಿ. ಕಾಲಿಂಗ್‌ವುಡ್ ಅವರು ತಮ್ಮ ಮರಣಾನಂತರ 1946ರಲ್ಲಿ ಪ್ರಕಟವಾದ ‘ದಿ ಐಡಿಯಾ ಆಫ್ ಹಿಸ್ಟರಿ’ಯಲ್ಲಿ ಜಾನ್ ಡೋ ಎಂಬವನ ಕೊಲೆಯ ಕಟ್ಟುಕಥೆಯೊಂದನ್ನೇ ಹೇಳಿ, ಸಾಕ್ಷ್ಯದಿಂದ ನಿರ್ಣಯಕ್ಕೆ ಹೋಗುವ ಕ್ರಮವನ್ನು ವಿವರಿಸುತ್ತಾರೆ. ಆದರೆ ಅವರು ಒಂದು ಭೇದವನ್ನೂ ತೋರಿಸಿದ್ದಾರೆ. ನ್ಯಾಯಸ್ಥಾನವು ಇಷ್ಟು ದಿನದೊಳಗೆ ತೀರ್ಪು ಕೊಡಲೇಬೇಕು. ಇತಿಹಾಸಕಾರನಿಗೆ ಅಂಥ ಗಡುವಿಲ್ಲ. ಸಾಕ್ಷ್ಯ ಸಾಲದಿದ್ದರೆ ಅವನು ಕಾಯಬಹುದು, ಗೊತ್ತಿಲ್ಲವೆಂದು ಹೇಳಬಹುದು. ನನ್ನ ಆಕ್ಷೇಪದ ಮೂಲ ಇಲ್ಲಿದೆ. ‘ಕರಿಸಿರಿಯಾನ’ದಂಥ ಕೃತಿಯಲ್ಲಿ ಸುಳಿವು ಸಿಕ್ಕುವುದಕ್ಕೂ ಅದರ ಅರ್ಥ ಹೊಳೆಯುವುದಕ್ಕೂ ನಡುವೆ ಒಂದು ಪುಟ ಮಾತ್ರ ಇರುತ್ತದೆ. ನಮ್ಮ ಕೆಲಸವೆಲ್ಲ ನಡೆಯುವುದು ಆ ಒಂದು ಪುಟದ ಜಾಗದಲ್ಲಿ. ಅಲ್ಲಿ ಹತ್ತು ವರ್ಷಗಳಿರಬಹುದು, ತಪ್ಪು ಓದುಗಳಿರಬಹುದು, ಹಿಂದಿನ ವಿದ್ವಾಂಸರೊಂದಿಗೆ ಜಗಳವಿರಬಹುದು, ಏನೂ ಸಿಕ್ಕದೆ ಮನೆಗೆ ಹಿಂತಿರುಗಿದ ಬೇಸಗೆಗಳಿರಬಹುದು. ಕಥೆಯ ವೇಗವು ಈ ಜಾಗವನ್ನು ನುಂಗಿದಾಗ ಓದುಗನಿಗೆ ಸುಳಿವಿನ ರುಚಿ ಹತ್ತುತ್ತದೆ, ಸಂದೇಹದ ಅಭ್ಯಾಸ ಹತ್ತುವುದಿಲ್ಲ.

ವೇಗವಿಲ್ಲದೆ ಪತ್ತೇದಾರಿ ಕಥೆ ಸಾಧ್ಯವಿಲ್ಲವೆಂದು ಯಾರಾದರೂ ಹೇಳಬಹುದು. ಇಂಗ್ಲಿಷಿನಲ್ಲಿ ಜೋಸೆಫೀನ್ ಟೇ ಅವರು 1951ರಲ್ಲಿ ಬರೆದ ‘ದಿ ಡಾಟರ್ ಆಫ್ ಟೈಮ್’ ಇದಕ್ಕೆ ಉತ್ತರ. ಅದರಲ್ಲಿ ಪೋಲೀಸ್ ಅಧಿಕಾರಿಯೊಬ್ಬನು ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿರುತ್ತಾನೆ. ಮಲಗಿದಲ್ಲಿಂದಲೇ, ತರಿಸಿಕೊಂಡ ಪುಸ್ತಕಗಳ ಸಹಾಯದಿಂದ, ಮೂರನೆಯ ರಿಚರ್ಡ್ ದೊರೆ ತನ್ನ ಅಣ್ಣನ ಮಕ್ಕಳನ್ನು ಕೊಲ್ಲಿಸಿದನೆ ಎಂಬುದನ್ನು ವಿಚಾರಣೆ ಮಾಡುತ್ತಾನೆ. ಯಾರೂ ಓಡುವುದಿಲ್ಲ, ಯಾರೂ ಗುಂಡು ಹಾರಿಸುವುದಿಲ್ಲ. ಅವನ ತೀರ್ಮಾನವನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ, ನಾನೂ ಪೂರ್ತಿಯಾಗಿ ಒಪ್ಪಲಾರೆ. ಆದರೆ ಬರೆದವನು ಯಾರು, ಯಾವಾಗ ಬರೆದನು, ಯಾರ ಅನ್ನ ತಿಂದು ಬರೆದನು ಎಂದು ಕೇಳುವ ಪಾಠವನ್ನು ಅದರಷ್ಟು ಸೊಗಸಾಗಿ ಕಲಿಸಿದ ಕಥೆ ಮತ್ತೊಂದನ್ನು ನಾನು ಓದಿಲ್ಲ. 1990ರಲ್ಲಿ ಬ್ರಿಟನ್ನಿನ ಅಪರಾಧಕಥಾ ಲೇಖಕರ ಸಂಘದವರು ಸಾರ್ವಕಾಲಿಕ ಶ್ರೇಷ್ಠ ಕೃತಿಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟರು. ಇಂಥದೊಂದು ಕನ್ನಡದಲ್ಲಿ ಬರಬಾರದೇಕೆ?

ಗಣೇಶಯ್ಯನವರ ಮತ್ತೊಂದು ಕಾದಂಬರಿ ‘ಕನಕ ಮುಸುಕು’ವಿನ ವಿಷಯವನ್ನು ಇಲ್ಲಿ ಹೇಳಬೇಕು, ಏಕೆಂದರೆ ಅದರಲ್ಲಿ ವೇಗದ ಸಮಸ್ಯೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಸೋಮನಾಥಪುರದಂಥ ಹೊಯ್ಸಳ ದೇವಾಲಯಗಳ ಶಿಲ್ಪಗಳ ಕೈಯಲ್ಲಿ ಕಾಣುವ ತೆನೆಯಾಕಾರದ ವಸ್ತು ಮುಸುಕಿನ ಜೋಳವೇ ಎಂಬುದು ಅದರ ಹಿಂದಿರುವ ಪ್ರಶ್ನೆ. ಮುಸುಕಿನ ಜೋಳ ಅಮೆರಿಕದ ಬೆಳೆ; ಕೊಲಂಬಸನ 1492ರ ಯಾತ್ರೆಗೆ ಮುಂಚೆ ಅದು ಹದಿಮೂರನೆಯ ಶತಮಾನದ ಕರ್ನಾಟಕದ ಶಿಲ್ಪಿಗೆ ಗೊತ್ತಿತ್ತೆಂದರೆ ಜಗತ್ತಿನ ಚರಿತ್ರೆಯನ್ನೇ ತಿದ್ದಬೇಕಾಗುತ್ತದೆ. ಜೊಹಾನ್ಸೆನ್ ಮತ್ತು ಪಾರ್ಕರ್ ಎಂಬ ವಿದ್ವಾಂಸರು 1989ರಲ್ಲಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಅದು ಜೋಳವೇ ಎಂದು ವಾದಿಸಿದರು. ಅದೇ ಪತ್ರಿಕೆಯಲ್ಲಿ 1993ರಲ್ಲಿ ಪಾಯಕ್ ಮತ್ತು ಸಚನ್ ಅದು ಜೋಳವಲ್ಲ, ಮುತ್ತುಗಳಿಂದ ಕೂಡಿದ ಮುಕ್ತಾಫಲವೆಂಬ ಕಲ್ಪಿತ ಫಲವೆಂದು ಉತ್ತರ ಕೊಟ್ಟರು. ಈ ಎರಡು ಲೇಖನಗಳ ನಡುವಣ ನಾಲ್ಕು ವರ್ಷಗಳನ್ನು ನೋಡಿರಿ. ಕಾಳಿನ ಸಾಲುಗಳ ಎಣಿಕೆ, ತೆನೆಯ ತುದಿಯ ಆಕಾರ, ಶಿಲ್ಪಶಾಸ್ತ್ರದ ಶಬ್ದಗಳು, ಇವೆಲ್ಲವೂ ಪರೀಕ್ಷೆಗೆ ಬಂದುವು. ಗಣೇಶಯ್ಯನವರು ಸ್ವತಃ ವಿಜ್ಞಾನಿಗಳಾದುದರಿಂದ ಊಹೆಗೂ ಸಿದ್ಧಾಂತಕ್ಕೂ ಇರುವ ವ್ಯತ್ಯಾಸವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲರು. ತಮ್ಮದು ಕಥೆಯೆಂಬುದನ್ನು ಅವರು ಮರೆಮಾಚುವುದೂ ಇಲ್ಲ. ತೊಂದರೆ ಇರುವುದು ಟಿಪ್ಪಣಿಯ ಅಧಿಕಾರದಲ್ಲಿ. ಪುಟದ ಕೆಳಗೆ ನಿಜವಾದ ಗ್ರಂಥದ ಹೆಸರಿದ್ದರೆ ಪುಟದ ಮೇಲಿನ ಕಲ್ಪಿತ ಸಂಭಾಷಣೆಗೂ ಅದರ ಬಣ್ಣ ಹತ್ತುತ್ತದೆ. ಎಲ್ಲಿಗೆ ಆಧಾರ ಮುಗಿಯಿತು, ಎಲ್ಲಿಂದ ಕಲ್ಪನೆ ಆರಂಭವಾಯಿತು ಎಂಬ ಗೆರೆ ಓಡುವ ಓದುಗನಿಗೆ ಕಾಣಿಸುವುದಿಲ್ಲ. ಹಾಗಾದರೂ ಡ್ಯಾನ್ ಬ್ರೌನರ 2003ರ ‘ದಿ ಡಾ ವಿಂಚಿ ಕೋಡ್’ನ ಪದ್ಧತಿಗಿಂತ ಇದು ಎಷ್ಟೋ ಮೇಲು. ಆ ಕಾದಂಬರಿಯ ಆರಂಭದಲ್ಲಿಯೇ ಸತ್ಯವೆಂದು ಘೋಷಿಸಿ, 1099ರಲ್ಲಿ ಸ್ಥಾಪಿತವಾದುದೆಂದು ಹೇಳಿರುವ ಗುಪ್ತಸಂಘವು ನಿಜವಾಗಿ ಫ್ರಾನ್ಸಿನಲ್ಲಿ 1956ರಲ್ಲಿ ಹುಟ್ಟಿದುದು. ನಮ್ಮ ಲೇಖಕರು ಆಧಾರಗಳನ್ನು ಕೊಟ್ಟು, ಹೋಗಿ ನೋಡಿರೆಂದು ದಾರಿಯನ್ನಾದರೂ ತೆರೆದಿಡುತ್ತಾರೆ. ಆ ದಾರಿಯಲ್ಲಿ ಎಷ್ಟು ಮಂದಿ ಹೋಗುತ್ತಾರೆಂಬುದು ಬೇರೆ.

ಈ ಆಕ್ಷೇಪಗಳೆಲ್ಲ ಪುಸ್ತಕದ ಕೋಣೆಯಲ್ಲಿ ಕುಳಿತು ಎತ್ತುವಂಥವು. ಇವಿಷ್ಟೇ ಆಗಿದ್ದರೆ ನಾನು ಇಷ್ಟು ಉದ್ದವಾಗಿ ಬರೆಯುತ್ತಿರಲಿಲ್ಲ. ನನ್ನನ್ನು ಕಾಡುವ ಸಂಗತಿ ನಮ್ಮ ಹೊಲಗಳಲ್ಲಿದೆ.

ತುಮಕೂರು ಜಿಲ್ಲೆಯ ಈ ಉತ್ತರಭಾಗವು ಕೋಟೆಗಳ ನಾಡು. ಮಧುಗಿರಿಯ ಏಕಶಿಲಾ ಬೆಟ್ಟ, ಮಿಡಿಗೇಶಿ, ಪಾವಗಡ, ಚೋಳರ ಒಂದು ಶಾಖೆ ಆಳಿದ ನಿಡುಗಲ್ಲು, ಕಸ್ತೂರಿರಂಗಪ್ಪನಾಯಕನು ಕಟ್ಟಲಾರಂಭಿಸಿದ ಶಿರಾ ಕೋಟೆ. ಶಿರಾ 1687ರ ಮೇಲೆ ಮೊಗಲರ ಸುಬಾದ ರಾಜಧಾನಿಯಾಗಿ, ಮರಾಠರ ಕೈಗೂ ಬಂದು, 1761ರಲ್ಲಿ ಹೈದರನ ವಶವಾಯಿತು. ಇಷ್ಟು ಅರಸರು ಬಂದುಹೋದ ಸೀಮೆಯಲ್ಲಿ ಪ್ರತಿ ಬೆಟ್ಟದ ಮೇಲೂ ಏಳು ಕೊಪ್ಪರಿಗೆ ಹೊನ್ನು, ಅದಕ್ಕೊಂದು ಸರ್ಪಗಾವಲು ಎಂಬ ಕಥೆ ಇರುವುದು ಆಶ್ಚರ್ಯವಲ್ಲ. ಬಿ. ಎಲ್. ರೈಸರು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವಾಗಿ ನಮ್ಮ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಆ ಸಂಪುಟವನ್ನು ಹಿಡಿದು ಕಲ್ಲುಗಳನ್ನು ಹುಡುಕಿಕೊಂಡು ಹೋಗುವ ಹವ್ಯಾಸ ನನಗಿದೆ. ಅನೇಕ ಕಡೆ ಕಲ್ಲಿನ ಬುಡದಲ್ಲಿ ನಾನು ಕಂಡಿರುವುದು ಗುಂಡಿ. ಗುಂಡಿಯ ಅಂಚಿನಲ್ಲಿ ಒಣಗಿದ ನಿಂಬೆಹಣ್ಣು, ಕುಂಕುಮ. ಒಂದು ಊರಿನಲ್ಲಿ ವೀರಗಲ್ಲು ಮೂರು ತುಂಡಾಗಿ ಬಿದ್ದಿತ್ತು. ತುರುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತ ವೀರನ ಕಲ್ಲು ಅದು. ಅವನನ್ನು ಅಪ್ಸರೆಯರು ಕೊಂಡೊಯ್ಯುವ ನಡುವಣ ಪಟ್ಟಿಕೆಯ ಮೇಲೆ ಸುತ್ತಿಗೆಯ ಏಟು ಬಿದ್ದಿತ್ತು.

ಪಕ್ಕದ ಹೊಲದ ಹಿರಿಯರೊಬ್ಬರು ನಾನು ಅಕ್ಷರಗಳಿಗೆ ಸುಣ್ಣದ ಪುಡಿ ಸವರುತ್ತಿರುವುದನ್ನು ನೋಡಿ ಹತ್ತಿರ ಬಂದು, “ಏನ್ ಬರ್ದೈತೆ ಮೇಷ್ಟ್ರೇ ಇದ್ರಾಗೆ? ಎಷ್ಟು ಮಾರು ಆಳಕ್ಕೈತಂತೆ?” ಎಂದು ಕೇಳಿದರು. ಕಲ್ಲಿನ ನೆತ್ತಿಯ ಮೇಲಿನ ಸೂರ್ಯಚಂದ್ರರನ್ನು ತೋರಿಸಿ, “ಇದು ಗುರ್ತು ಅಂತಾರೆ, ಸೂರ್ಯ ಚಂದ್ರ ಇದ್ರೆ ಹೊನ್ನು ಇರ್ಲೇಬೇಕಂತೆ” ಎಂದರು. ಸೂರ್ಯಚಂದ್ರರಿರುವವರೆಗೂ ಈ ದಾನ ನಡೆಯಲಿ, ಈ ಹೆಸರು ನಿಲ್ಲಲಿ ಎಂಬ ಹಾರೈಕೆಯ ಚಿಹ್ನೆಯೇ ಕಲ್ಲಿನ ಮರಣಕ್ಕೆ ಕಾರಣವಾಗಿದೆ. ದಾನದ ಭೂಮಿಯ ಎಲ್ಲೆಯನ್ನು ತೋರಿಸಲು ನೆಟ್ಟ ಲಿಂಗಮುದ್ರೆ, ವಾಮನಮುದ್ರೆಯ ಕಲ್ಲುಗಳಿಗೂ ಇದೇ ಗತಿ. ಈ ಕಲ್ಲುಗಳಲ್ಲಿ ಬರೆದಿರುವುದು ಕೆರೆಯ ಕೆಳಗಿನ ಗದ್ದೆ, ಬೆದ್ದಲು, ಸುಂಕದ ಮಾನ್ಯ, ದೇವರ ನಂದಾದೀಪದ ಎಣ್ಣೆ. ನಾನು ಅದನ್ನು ಓದಿ ಹೇಳಿದಾಗ ಆ ಹಿರಿಯರು ನಂಬಲಿಲ್ಲ. ನಿಜವನ್ನು ಮುಚ್ಚಿಟ್ಟುಕೊಂಡು ರಾತ್ರಿ ಬರುತ್ತೇನೆಂದು ಎಣಿಸಿದರೋ ಏನೋ, ನಾನು ಹೊರಡುವವರೆಗೂ ಅಲ್ಲಿಂದ ಕದಲಲಿಲ್ಲ.

2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಗಳ್ಳರು ಒಡೆದುಹಾಕಿದ್ದು ನಾಡಿಗೆಲ್ಲ ಸುದ್ದಿಯಾಯಿತು. ಅದನ್ನು ಮತ್ತೆ ಕಟ್ಟಿದರು. ನಮ್ಮ ಊರುಗಳ ಹೆಸರಿಲ್ಲದ ವೀರರ ಕಲ್ಲುಗಳು ಒಡೆದಾಗ ಯಾವ ಸುದ್ದಿಯೂ ಆಗುವುದಿಲ್ಲ. ಮಾತನ್ನು ತಪ್ಪಾಗಿ ತಿಳಿಯಬಾರದು. ಗುಂಡಿ ತೋಡುವವರು ಕಾದಂಬರಿಯನ್ನು ಓದಿ ಬರುವವರಲ್ಲ; ಈ ದುರಾಸೆ ಕಾದಂಬರಿಗಳಿಗಿಂತ ಎಷ್ಟೋ ಹಳೆಯದು. ಗಣೇಶಯ್ಯನವರ ಮೇಲೆ ಆ ದೋಷವನ್ನು ಹೊರಿಸುವುದು ಅನ್ಯಾಯ. ನಾನು ಹೇಳುವುದಿಷ್ಟು: ಚಿಹ್ನೆಯೊಂದು ಇದ್ದರೆ ಅದರ ಕೆಳಗೋ ಹಿಂದೆಯೋ ದ್ರವ್ಯವಿರಬೇಕು ಎಂಬ ಒಂದು ಕಲ್ಪನೆ ಆ ಹಿರಿಯರ ಮನಸ್ಸಿನಲ್ಲೂ ನಿಧಿಯ ಬೆನ್ನುಹತ್ತುವ ಕಥೆಯ ಹೊಟ್ಟೆಯಲ್ಲೂ ಒಂದೇ ಆಗಿದೆ. ಇತಿಹಾಸದ ಬೆಲೆಯನ್ನು ಚಿನ್ನದ ಬೆಲೆಯಿಂದ ಅಳೆಯುವುದನ್ನು ನಾವು ತರಗತಿಯಲ್ಲಿ ಬಿಡಿಸಲು ಯತ್ನಿಸುತ್ತಿರುವಾಗ, ಅದೇ ಅಳತೆಗೋಲಿನಿಂದ ಇತಿಹಾಸದ ಕಡೆಗೆ ಕರೆಯುವ ಪುಸ್ತಕವನ್ನು ವಿದ್ಯಾರ್ಥಿಯ ಕೈಗೆ ಕೊಡುವುದು ಹೇಗೆ ಎಂಬ ಸಂಕೋಚ ನನಗಿದೆ.

ನಮ್ಮ ಸೀಮೆಯ ಓದುಗರು ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳನ್ನು ಓದಿ ಬೆಳೆದವರು. 1982ರ ‘ದುರ್ಗಾಸ್ತಮಾನ’ದಲ್ಲಿ ಮದಕರಿನಾಯಕನ ದುರ್ಗ ಬೀಳುವಾಗ ಕಣ್ಣೀರು ಹಾಕಿದವರನ್ನು ನಾನು ಬಲ್ಲೆ. ಅಲ್ಲಿ ಓದುಗನಿಗೆ ದುರ್ಗದ ಒಳಗೆ ಏನು ಹೂತಿದೆಯೆಂಬ ಯೋಚನೆ ಬರುವುದಿಲ್ಲ, ದುರ್ಗದ ಒಳಗೆ ಯಾರಿದ್ದರೆಂಬ ಯೋಚನೆ ಬರುತ್ತದೆ. ಆ ಕಾದಂಬರಿಯ ನಡೆ ನಿಧಾನ. ಇಂದಿನ ಹುಡುಗರಿಗೆ ಅಷ್ಟು ತಾಳ್ಮೆ ಇಲ್ಲವೆಂದು ದೂರುವುದು ಸುಲಭ. ನನ್ನ ತರಗತಿಯ ಆ ಹುಡುಗನಿಗೆ ತಾಳ್ಮೆ ಇಲ್ಲವೆಂದು ನಾನು ಹೇಳಲಾರೆ. ನಾಲ್ಕು ವರ್ಷಗಳ ಕಾಲ ನಮ್ಮ ಪಾಠಪುಸ್ತಕಗಳನ್ನು ಸಹಿಸಿದವನು ಅವನು. ಆನೆಗಳನ್ನು ಕುರಿತು ಕೇಳುವಂಥ ಒಂದು ಪ್ರಶ್ನೆಯನ್ನೂ ನಾನು ಅವನಲ್ಲಿ ಹುಟ್ಟಿಸಲಿಲ್ಲ. ಅದನ್ನು ಹುಟ್ಟಿಸಿದವರು ಸಸ್ಯವಿಜ್ಞಾನದಿಂದ ಬಂದ ಕಾದಂಬರಿಕಾರರು. ಪುಸ್ತಕದ ವೇಗವನ್ನು ದೂಷಿಸುವಾಗ ನಮ್ಮ ಉಪನ್ಯಾಸಗಳ ಜಡತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ನ್ಯಾಯ.

ಕಡೆಗೆ ನಾನು ಮಾಡಿದ್ದು ಇಷ್ಟು. ಮುಂದಿನ ವಾರ ಆ ಹುಡುಗನಿಗೆ 550ರ ಲೆಕ್ಕವನ್ನೂ ಕುದುರೆ ವ್ಯಾಪಾರಿಗಳ ಕಥೆಯನ್ನೂ ತರಗತಿಯಲ್ಲಿ ಹೇಳಿದೆನು. ಕುದುರೆಗಳ ಕಥೆಗೆ ಹುಡುಗರು ನಕ್ಕರು. ಮೇವಿನ ಲೆಕ್ಕವನ್ನು ಇಬ್ಬರು ಬರೆದುಕೊಂಡರು. ಪೆನುಗೊಂಡೆ ಮಡಕಶಿರಾ ಮಾರ್ಗವಾಗಿ ಹೋದರೆ ನಮಗೆ ದೂರವಲ್ಲ, ಒಂದು ಭಾನುವಾರ ಹೋಗೋಣ ಎಂದು ನಿಶ್ಚಯವಾಯಿತು. ನನ್ನ ‘ಕರಿಸಿರಿಯಾನ’ದ ಪ್ರತಿಯನ್ನು ಯಾರು ಕೇಳಿದರೂ ಕೊಡುತ್ತೇನೆ, ಆದರೆ ಸೀವೆಲ್ ಅವರ ಪುಸ್ತಕವನ್ನೂ ಜತೆಯಲ್ಲೇ ಒಯ್ಯಬೇಕೆಂಬ ಕರಾರಿನ ಮೇಲೆ. ಈವರೆಗೆ ಐದು ಮಂದಿ ಒಯ್ದಿದ್ದಾರೆ. ಸೀವೆಲ್ ಪ್ರತಿಸಾರಿಯೂ ಎರಡೇ ದಿನಗಳಲ್ಲಿ ಹಿಂತಿರುಗುತ್ತಾರೆ. ಒಂದು ಸಲ ಮಾತ್ರ, ತಿರುಮಲನ ಪಲಾಯನದ ಪುಟದಲ್ಲಿ, ಬಸ್ಸಿನ ಚೀಟಿಯೊಂದು ಗುರುತಿಗೆ ಇಟ್ಟಂತೆ ಸಿಕ್ಕಿತು. ಕಾದಂಬರಿಯ ಪ್ರತಿ ಸದ್ಯಕ್ಕೆ ಯಾರ ಮನೆಯಲ್ಲಿದೆಯೋ ನನಗೆ ತಿಳಿಯದು.